ಒಲೆಯ ಹಿಂದಿನ ಕರಿಗೋಡೆ

ಟೈಲ್ಸ್ ಕೊಯ್ಯುವ ಯಂತ್ರದ ಅಡಿಯಿಂದ ಹರಿದು ಬರುವ ಬಿಳಿ ನೀರಿಗೆ ಥೇಟ್ ಹಸಿ ಸುಣ್ಣದ ವಾಸನೆ. ಚಳ್ಳಕೆರೆಯ ಅಂಗಡಿಯೊಂದರ ಮುಂದೆ ಅದು ಮೂಗಿಗೆ ಬಡಿದದ್ದೇ, ಎಂಟು ವರ್ಷದವಳಿದ್ದಾಗಿನ ನನ್ನ ಸಿಟ್ಟು ಹಾಗೇ ಮೇಲೆದ್ದಿತು. ನನ್ನ ತಮ್ಮ ತನ್ನ ಅಡುಗೆಮನೆಯನ್ನು ಹೊಸದು ಮಾಡಿಸುತ್ತಿದ್ದ. ಗ್ಯಾಸ್ ಒಲೆಯ ಹಿಂದಿನ ಗೋಡೆಗೆ ಟೈಲ್ಸ್ ಆರಿಸಲು ನನ್ನನ್ನೂ ಕರೆದುಕೊಂಡು ಹೋಗಿದ್ದ. ಅಂಗಡಿಯವನು ಹಣ್ಣಿನ ಬುಟ್ಟಿಯದು, ಕಾಫಿ ಕಪ್ಪಿನದು ಎಂದು ಏನೇನೋ ತೋರಿಸಿದ. ತಮ್ಮನಿಗೆ ಒಂದೂ ಬೇಡ. ಫೋನಿನಲ್ಲಿ ಹಳೆಯ ರೇಷ್ಮೆ ಸೀರೆಯ ಅಂಚಿನ ಫೋಟೋ ಹಿಡಿದು, "ಇದು ನಮ್ಮಪ್ಪ ಬರೆದಿದ್ದ ಅಂಚು. ಟೈಲ್ಸ್ ಮ್ಯಾಲೆ ಹಿಂಗೇ ಬರಬೇಕು, ಕೆಳಗೆ ಅಪ್ಪನ ಹೆಸರು" ಎಂದ. "ಫೋಟೋ ಕಳ್ಸಿ ಸಾಬ್, ಹೂಬಹೂ ಇದರಂಗೇ ಮಾಡಿಸಿ ಕೊಡ್ತೀನಿ" ಎಂದ ಅಂಗಡಿಯವನು.

ಅಪ್ಪ ಬರೆದದ್ದಂತೆ! ಮೈಯೆಲ್ಲ ಉರಿದುಹೋಯಿತು.

ಮೊಳಕಾಲ್ಮೂರಿನ ನಮ್ಮ ಮನೆಯ ನಡುಮನೆಯಲ್ಲಿ ಅಪ್ಪನ ಮಗ್ಗವಿತ್ತು. ಅದರ ಲಟಪಟ ಸದ್ದು ಅಡುಗೆಮನೆಯ ಪಾತ್ರೆಗಳಿಗೂ ಕೇಳಿಸುತ್ತಿತ್ತು. ಅಲ್ಲಿ, ಸೌದೆ ಒಲೆಯ ಹಿಂದಿನ ಗೋಡೆಯ ಮೇಲೆ ಮಸಿ ದಪ್ಪಗೆ, ಮೆತ್ತಗೆ ಕೂತಿರುತ್ತಿತ್ತು. ಅನ್ನ ಕುದಿಯುವಷ್ಟು ಹೊತ್ತು ಅವ್ವ ಪೊರಕೆಕಡ್ಡಿಯಿಂದ ಆ ಮಸಿಯನ್ನು ಗೀರಿ ಸೀರೆಯ ಅಂಚು ಬರೆಯುತ್ತಿದ್ದಳು. ಗಿಳಿ, ರುದ್ರಾಕ್ಷಿ, ಕತ್ತು ಹೊರಳಿಸಿದ ನವಿಲು. ಗೆರೆ ತಪ್ಪಿದರೆ ಎರಡು ದಿನ ಹಾಗೇ ಬಿಡುವಳು, ಹೊಗೆಯೇ ಅದನ್ನು ಮುಚ್ಚಿಬಿಡುತ್ತಿತ್ತು. ಸರಿಬಂದದ್ದನ್ನು ಅಪ್ಪ ಚೌಕಳಿ ಕಾಗದಕ್ಕೆ ಇಳಿಸಿಕೊಂಡು ನೇಯುತ್ತಿದ್ದ. ಯುಗಾದಿಗೆ ಮನೆಗೆಲ್ಲ ಸುಣ್ಣ ಬಳಿದರೂ ಆ ಗೋಡೆಯೊಂದನ್ನು ಯಾರೂ ಮುಟ್ಟುತ್ತಿರಲಿಲ್ಲ.

ಸೀರೆ ಒಯ್ಯಲು ಬರುತ್ತಿದ್ದ ಸಾವ್ಕಾರ ಒಂದು ದಿನ ಅಂಚು ಸವರುತ್ತಾ, "ಎಲ್ಲಿಂದ ಹೊಳಿತಾವಲೇ ನಿಂಗೆ ಇವು?" ಎಂದು ಅಪ್ಪನನ್ನು ಕೇಳಿದ. ಅಪ್ಪ ನಕ್ಕು ಸೀರೆ ಮಡಚತೊಡಗಿದ. ನಾನು ಬಾಯಿ ಹಾಕಿದೆ: "ಅವೆಲ್ಲ ನಮ್ಮವ್ವ ಬರೆಯೋದು."

"ಏನ್ಲೇ, ಹೆಂಡ್ತಿ ಗೀಚಿದ್ದನ್ನ ನೇಯ್ತೀಯಾ?" ಸಾವ್ಕಾರ ಹೊಟ್ಟೆ ಹಿಡಿದುಕೊಂಡು ನಕ್ಕ.

ಅವನು ಬೀದಿ ದಾಟುವಷ್ಟರಲ್ಲಿ ಅಪ್ಪ ಸುಣ್ಣ ಕಲಸಿದ. ನನ್ನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಬಕೆಟ್ಟು ಹಿಡಿದು ನೇರ ಅಡುಗೆಮನೆಗೆ ಹೋದ. ಅವ್ವ ಉರಿಯುವ ಒಲೆಯಿಂದ ಪಾತ್ರೆ ಇಳಿಸಿ ಪಕ್ಕಕ್ಕೆ ಸರಿದಳು. "ಒಂದೀಟು ನಿಲ್ಲಿ, ಆ ಮೂಲೇದು ಇನ್ನೂ ಕಾಗದಕ್ಕೆ ಇಳಿಸಿಲ್ಲ" ಎಂದಳು, ಅಷ್ಟೆ. ಅಪ್ಪ ನಿಲ್ಲಲಿಲ್ಲ. ಬಿಸಿ ಗೋಡೆಯ ಮೇಲೆ ಸುಣ್ಣ ಚುರುಗುಟ್ಟಿತು. ನವಿಲಿನ ಕತ್ತು ಹೋಯಿತು, ಗಿಳಿಗಳು ಹೋದವು. ತಿಂಗಳೊಳಗೆ ಗೋಡೆ ಮತ್ತೆ ಕಪ್ಪಾಯಿತು. ಅವ್ವ ಮತ್ತೆ ಕಡ್ಡಿ ಹಿಡಿಯಲಿಲ್ಲ. ಅಪ್ಪ ಮಾತ್ರ ಕಾಗದದಲ್ಲಿ ಉಳಿದಿದ್ದ ಅವಳ ಅಂಚುಗಳನ್ನೇ ಸಾಯುವವರೆಗೆ ನೇಯ್ದು ಊರೆಲ್ಲ ಹೆಸರು ಮಾಡಿದ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ. ನನಗೆ ಇದೆ, ಇವತ್ತಿಗೂ ಇದೆ.

ಇಷ್ಟನ್ನೂ ಅಂಗಡಿಯಲ್ಲಿ ನಿಂತೇ ತಮ್ಮನಿಗೆ ಹೇಳಿದೆ. ದನಿ ಏರಿದ್ದು ಅಂಗಡಿಯವನು ಬೇರೆ ಕಡೆ ತಿರುಗಿದಾಗಲೇ ನನಗೆ ಗೊತ್ತಾದದ್ದು. ಇದೆಲ್ಲ ನಡೆದಾಗ ತಮ್ಮ ತೊಟ್ಟಿಲ ಕೂಸು. ಅವನು ಫೋನು ಜೇಬಿಗೆ ಹಾಕಿಕೊಂಡು ನನ್ನನ್ನೇ ನೋಡಿದ.

"ನಂಗೆ ಯಾರು ಹೇಳಿದ್ರಕ್ಕ ಇದನ್ನ? ಅವ್ವನ ತಿಥಿ ದಿನ ನೆಂಟರ ಮುಂದೆ, ನಮ್ಮಪ್ಪನಂಗೆ ಅಂಚು ಬರೆಯೋರು ಇನ್ನು ಹುಟ್ಟಲ್ಲ ಅಂದೋಳು ನೀನೇ ಅಲ್ವಾ?"

ಹೌದು, ನಾನೇ. ಎಂಟನೇ ವಯಸ್ಸಿನಲ್ಲಿ ಹೆದರಿ ಮುಚ್ಚಿದ ಬಾಯಿಗೆ ಆಮೇಲೆ ಆ ಸುಳ್ಳೇ ರೂಢಿಯಾಗಿಬಿಟ್ಟಿತ್ತು. ಅವತ್ತು ಅವ್ವನ ಪಟಕ್ಕೆ ಹೂವಿನ ಹಾರ ಹಾಕುತ್ತಲೇ ಆ ಮಾತು ಆಡಿದ್ದೆ.