ಕೆಂಪು ನೀರಿನ ದಿನಗಳಲ್ಲಿ ಬಂದ ಕೊಡ

ನಲ್ಲಿ ತಿರುಗಿಸಿದೆ. ಅಂದು ಬೆಳಿಗ್ಗೆಯೂ ಬಕೆಟ್ಟಿಗೆ ಬಿದ್ದದ್ದು ಡಿಕಾಕ್ಷನ್ನಿನಂಥ ಕೆಂಪು ನೀರೇ. ಮಧುಗಿರಿಯ ನಮ್ಮ ಮನೆಯ ಬಾವಿಗೆ ಹೊಸ ಮೋಟರ್ ಇಳಿಸಿ, ಬ್ಲೀಚಿಂಗ್ ಪುಡಿ ಹಾಕಿಸಿದ ಮೇಲೆ ಶುರುವಾದ ಪಾಡು ಇದು. "ಪೈಪಿನ ತುಕ್ಕು ಬಿಡ್ತೈತೆ ಮೇಡಂ, ತಿಳಿಯಾಗೋವರ್ಗೂ ಎತ್ತಿ ಚೆಲ್ತಾ ಇರಿ" ಎಂದಿದ್ದ ಮೆಕ್ಯಾನಿಕ್. ಚೆಲ್ಲಿ ಚೆಲ್ಲಿ ನನ್ನ ರಟ್ಟೆ ಬಿದ್ದುಹೋಗಿತ್ತು. ಒಳಗೆ ಅತ್ತೆ ಜ್ವರದಿಂದ ಮಲಗಿದ್ದರು. ತರಿಸಿದ್ದ ಕ್ಯಾನಿನ ನೀರು ಅಡುಗೆಗೇ ಮುಗಿದಿತ್ತು.

ಆಗ ಹಿಂದಿನ ಬೀದಿಯ ರಂಗಮ್ಮ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಗೇಟಿನ ಬಳಿ ಬಂದರು. ವರ್ಷಗಳಿಂದ ನಮ್ಮ ಬಾವಿಯ ನೀರನ್ನೇ ಒಯ್ಯುವವರು. ಎದ್ದು ಹೋಗಿ ವಿವರಿಸುವಷ್ಟು ತ್ರಾಣ ನನಗಿರಲಿಲ್ಲ.

"ಇವತ್ತೂ ನೀರು ಸರಿಯಿಲ್ಲ ರಂಗಮ್ಮ, ನಾಳೆ ಬನ್ನಿ" ಎಂದು ಕೂತಲ್ಲಿಂದಲೇ ಕೂಗಿದೆ.

"ತಗಂಡೋಗಾಕೆ ಬಂದಿಲ್ಲ ಕಣಮ್ಮ, ತಂದಿವ್ನಿ. ಜರ ಬಂದಿರೋ ನಿಮ್ಮತ್ತೆಗೆ ಆ ಕೆಂಪ್ನೀರು ಕುಡುಸ್ಬುಟ್ಟೀಯ!" ಎನ್ನುತ್ತಾ ಒಳಗೆ ಬಂದು, ತುಂಬಿದ ಕೊಡವನ್ನು ಅಡುಗೆಮನೆಯಲ್ಲಿ ಇಳಿಸಿದರು. ಬಸ್ ಸ್ಟ್ಯಾಂಡಿನ ಹತ್ತಿರದ ಫಿಲ್ಟರ್ ನೀರಿನ ಘಟಕದಲ್ಲಿ ಸಾಲು ನಿಂತು ಹಿಡಿದು ತಂದ ನೀರು. ಅತ್ತೆಗೆ ಕುಡಿಸಿ, ನಾನೂ ಒಂದು ಲೋಟ ಕುಡಿದೆ. ಬೆಳಕಿಗೆ ಹಿಡಿದು ಬಣ್ಣ ನೋಡಬೇಕು ಅನ್ನಿಸಲಿಲ್ಲ.

ಬಾವಿ ತಿಳಿಯಾಗಲು ಇನ್ನೂ ಕೆಲವು ದಿನ ಹಿಡಿಯಿತು. ಅಷ್ಟೂ ದಿನ ರಂಗಮ್ಮ ಬಂದರು. ಈಗ ಅವರು ಎಂದಿನಂತೆ ನಮ್ಮಲ್ಲಿಗೆ ನೀರಿಗೆ ಬರುತ್ತಾರೆ. ನಮ್ಮದು ನಾಲ್ಕು ಜನಕ್ಕೆ ನೀರು ಕೊಡುವ ಮನೆ ಎಂದು ಮೊದಲೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದ ಮಾತು ಮಾತ್ರ ಈಗ ನನ್ನ ಬಾಯಿಗೆ ಬರುವುದಿಲ್ಲ.