ಹವಾ ಗಿಟಾರ್

ಅಪ್ಪ ಉಕ್ಕಿನ ಸರಳನ್ನು ಗಿಟಾರಿನ ತಂತಿಯ ಮೇಲೆ ಜಾರಿಸಿದ, ಅಷ್ಟರಲ್ಲಿ ಕರೆಂಟ್ ಹೋಯಿತು. ಫ್ಯಾನುಗಳು ನಿಂತವು. ಸ್ಪೀಕರ್ ಸತ್ತಿತು. ನನ್ನ ಕೈಯಲ್ಲಿದ್ದ ನಾಲ್ಕು ತಂತಿಯ ಪುಟ್ಟ ಉಕುಲೇಲೆ ಒಂದೇ ಟಿಂಗ್ ಟಿಂಗ್ ಅನ್ನುತ್ತಿತ್ತು. ನಾನೂ ನಿಲ್ಲಿಸಿದೆ.

ಕಾಗವಾಡದ ಮದುವೆ ಅದು, ದ್ರಾಕ್ಷಿ ತೋಟದವರದು. ಸಂಜೆಯ ರಿಸೆಪ್ಶನ್‌ಗೆ ನಮ್ಮನ್ನು ಕರೆಸಿದ್ದರು.

ಅಪ್ಪ ಚಿಕ್ಕೋಡಿಯಲ್ಲಿ ಲೇಥ್ ಮಷಿನ್ ನಡೆಸುತ್ತಾನೆ. ನಾನು ಎಂಟನೇ ಇಯತ್ತೆಗೆ ಶಾಲೆ ಬಿಟ್ಟವನು, ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತೇನೆ. ಅಪ್ಪ ಹುಡುಗನಾಗಿದ್ದಾಗ ಮಿರಜದಲ್ಲಿ ಒಬ್ಬ ಮಾಸ್ತರರ ಹತ್ತಿರ ಹವಾಯಿಯನ್ ಗಿಟಾರ್ ಕಲಿತ. ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಾರಿಸಬೇಕು. ಎಡಗೈಯಲ್ಲಿ ಉಕ್ಕಿನ ಸರಳು ಹಿಡಿದು ತಂತಿಯ ಮೇಲೆ ಜಾರಿಸಬೇಕು. ಆ ಸರಳನ್ನು ಅಪ್ಪ ತಾನೇ ಲೇಥಿನ ಮೇಲೆ ಕಡೆದು ಮಾಡಿಕೊಂಡಿದ್ದ. ಮುಖ ನೋಡಿಕೊಳ್ಳಬಹುದು, ಅಷ್ಟು ನುಣುಪು.

ಹವಾಯಿ ಅಂದರೆ ಸಮುದ್ರದ ನಡುವಿನ ದ್ವೀಪ ಅಂತ ಅಪ್ಪ ಎಲ್ಲರಿಗೂ ಹೇಳಿ ಹೇಳಿ ಸುಸ್ತಾದ. ನಮ್ಮ ಕಡೆ ಹವಾ ಅಂದರೆ ಟೈರಿಗೆ ಹಾಕಿಸುವುದು. ಮಂದಿ ಗಿಟಾರಿನ ಹಿಂದೆ ಬಗ್ಗಿ ನೋಡಿ, ಗಾಳಿ ಎಲ್ಲಿಂದ ಹೋಗುತ್ತದೆ ಅಂತ ಕೇಳುತ್ತಿದ್ದರು. ಕಡೆಗೆ ಅಪ್ಪನೇ ಪೆಟ್ಟಿಗೆಯ ಮೇಲೆ ‘ಹವಾ ಗಿಟಾರ್’ ಅಂತ ಬರೆಸಿಬಿಟ್ಟ. ನನ್ನ ಉಕುಲೇಲೆಗೆ ಗಿಟಾರಿನ ಮರಿ ಅಂತ ಹೆಸರಾಯಿತು.

ಮದುವೆಯಲ್ಲಿ ಸಿನಿಮಾ ಹಾಡೇ ಬೇಕು. ಕನ್ನಡದ್ದು ಒಂದು, ಮರಾಠಿಯದು ಎರಡು. ಆದರೆ ಆ ದ್ವೀಪದವರದೇ ಒಂದು ಹಳೆಯ ಧಾಟಿ ಅಪ್ಪನಿಗೆ ಬರುತ್ತಿತ್ತು, ಮಾಸ್ತರರು ಕೊಟ್ಟ ಕ್ಯಾಸೆಟ್‌ನಿಂದ ಕಲಿತದ್ದು. ಅವನು ಸರಳು ಜಾರಿಸುವುದು, ನಾನು ಕೆಳಗೆ ತಾಳ ಹಿಡಿಯುವುದು. ಮನೆಯಲ್ಲಿ ಎಷ್ಟೋ ಸಲ ಬಾರಿಸಿದ್ದೇವೆ. ಮಂದಿಯ ಮುಂದೆ ಒಮ್ಮೆಯಾದರೂ ಅದನ್ನು ಪೂರಾ ಮುಗಿಸಬೇಕು ಅನ್ನುವುದು ಅಪ್ಪನ ಆಸೆ. ಅಥಣಿಯಲ್ಲಿ ಶುರು ಮಾಡಿದೆವು, ನಡುವೆಯೇ ಡಾನ್ಸ್ ಹಾಡು ಕೇಳಿದರು. ರಾಯಬಾಗದಲ್ಲಿ ಮೈಕ್ ಕಸಿದುಕೊಂಡು ಊಟಕ್ಕೆ ಕರೆದರು.

ಕಾಗವಾಡದಲ್ಲಿ ಅದನ್ನೇ ಮೊದಲು ಹಿಡಿದಿದ್ದ. ಕರೆಂಟ್ ಹೋದ ಮೇಲೆ ಪೆಂಡಾಲ್ ಗಪ್ಪಾಯಿತು. ಡಿಜೆ ಇಲ್ಲ, ಮೈಕ್ ಇಲ್ಲ. ಮಂದಿ ಬೇರೇನೂ ಕೆಲಸವಿಲ್ಲದೆ ನಮ್ಮನ್ನೇ ನೋಡುತ್ತ ಕುಂತರು. ಅಪ್ಪನ ಗಿಟಾರಿನ ಹೊಟ್ಟೆ ಕಟ್ಟಿಗೆಯದು. ಕರೆಂಟ್ ಇಲ್ಲದಿದ್ದರೂ ಸಣ್ಣ ದನಿ ಇರುತ್ತದೆ, ಮುಂದಿನ ಸಾಲುಗಳಿಗಂತೂ ಕೇಳುತ್ತದೆ.

ಮದುಮಗನ ಅಜ್ಜಿ ಮುಂದಿನ ಸಾಲಿನಲ್ಲೇ ಇದ್ದಳು. ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಅಂದಳು, “ಯಾಕ ನಿಲ್ಲಿಸಿದ್ಯೋ ಯಪ್ಪಾ? ಬಾರ್ಸು. ಚಲೋ ಇತ್ತ ಅದು.”

ಅಪ್ಪ ಸರಳನ್ನು ಮತ್ತೆ ತಂತಿಯ ಮೇಲೆ ಇಟ್ಟ. ನನ್ನ ಕಡೆ ನೋಡಿದ. ನಾನು ತಯಾರಾದೆ.

ಹಿಂದಿನಿಂದ ಯಾವನೋ ಕೂಗಿದ, “ಏ ಮಾಸ್ತರ, ಹವಾ ಹೋತೇನ್ರಿ? ಪಂಪ್ ತರ್ಲೇನು?”

ಪೆಂಡಾಲಿಗೆ ಪೆಂಡಾಲೇ ನಕ್ಕಿತು. ನನಗೂ ನಗು ಬಂತು. ಅಪ್ಪನೂ ನಕ್ಕ. ನಗುತ್ತಲೇ ಸರಳನ್ನು ಅಂಗಿಯ ಕಿಸೆಗೆ ಹಾಕಿಕೊಂಡ. ಕರೆಂಟ್ ಬರಲಿ, ಆಮೇಲೆ ನೋಡೋಣ ಅಂದ.

ಕರೆಂಟ್ ಬಂತು. ಅದರ ಹಿಂದೆಯೇ ಡಿಜೆ ಶುರುವಾಯಿತು, ಮದುಮಗನ ಗೆಳೆಯರು ಕುಣಿಯಲಿಕ್ಕೆ ಎದ್ದರು. ನಮಗೆ ಹಾರ ಹಾಕಿ ಊಟಕ್ಕೆ ಕಳಿಸಿದರು. ಊಟ ಚೆನ್ನಾಗಿತ್ತು. ಚಿಕ್ಕೋಡಿಯವರೆಗೆ ಅಪ್ಪ ಬೈಕಿನಲ್ಲಿ ಗಿಟಾರಿನ ಪೆಟ್ಟಿಗೆ ಹಿಡಿದುಕೊಂಡು ಹಿಂದೆ ಕುಂತಿದ್ದ.

ಆ ಮಳೆಗಾಲದಲ್ಲಿ ಅವನ ಎಡಗೈ ನಡುಗಲು ಶುರುವಾಯಿತು. ನರದ್ದು ಅಂದರು ಡಾಕ್ಟರ್, ಗುಳಿಗೆ ಕೊಟ್ಟರು. ಚಹಾದ ಕಪ್ಪು ಬಲಗೈಯಲ್ಲಿ ಹಿಡಿದರಾಯಿತು. ಆದರೆ ಬಾರಿಸುವಾಗ ಬಲಗೈ ತಂತಿ ಮೀಟಬೇಕು, ಸರಳನ್ನು ಹಿಡಿಯಲು ಅದು ನಡೆಯುವುದಿಲ್ಲ. ಎಡಗೈಯಲ್ಲಿ ಹಿಡಿದರೆ ತಂತಿಯ ಮೇಲೆ ಕಟಕಟ ಅನ್ನುತ್ತದೆ.

ಈಗ ಗಿಟಾರನ್ನು ನನ್ನ ತೊಡೆಯ ಮೇಲೆ ಇಟ್ಟಿದ್ದಾನೆ. ಕಲಿಯುತ್ತಿದ್ದೇನೆ. ಆ ಧಾಟಿಯಲ್ಲಿ ಒಂದು ಕಡೆ ದನಿ ಕೆಳಗಿನಿಂದ ಮೆಲ್ಲಗೆ ಜಾರಿ ಮೇಲಕ್ಕೆ ಹೋಗಬೇಕು. ನನ್ನದು ಅಲ್ಲಿ ಜಿಗಿಯುತ್ತದೆ. ಸ್ಟೇರಿಂಗ್ ತಿರುಗಿಸುವ ಕೈ. ಅಪ್ಪ ಬೈಯುವುದಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೊನ್ನೆ ಹಾಗೆಯೇ ಬಾರಿಸುತ್ತಿದ್ದಾಗ ಅಂದ, “ಅವತ್ತ ಬಾರ್ಸಬೇಕಾಗಿತ್ತಲೇ.”

“ಮಂದಿ ನಗಾಕತ್ತಿತ್ತಲ್ಲಪಾ.”

“ಮುದುಕಿ ನಕ್ಕಿದ್ದಿಲ್ಲ.”

ಅದು ಖರೆ. ನಾನೂ ನೋಡಿದ್ದೆ. ಆಕೆ ಕೈ ಕಟ್ಟಿಕೊಂಡು ಕಾಯುತ್ತಿದ್ದಳು.

“ಹಂಗಾರ ನಡಿ, ಕಾಗವಾಡಕ್ಕ ಹೋಗೂಣು. ಆಕಿ ಮನ್ಯಾಗ ಬಾರ್ಸಿ ಬರೂಣು,” ಅಂದೆ.

ಅಪ್ಪ ತನ್ನ ಎಡಗೈಯನ್ನು ಎತ್ತಿ ನನ್ನ ಮುಂದೆ ಹಿಡಿದ. ಅದು ನಡುಗುತ್ತಿತ್ತು.

“ಯಾವ ಕೈಲೆ ಬಾರ್ಸ್ಲಿ?”

ನಾನು ಸರಳನ್ನು ತಂತಿಯ ಮೇಲೆ ಇಟ್ಟು ಆ ಜಾರುವ ಕಡೆಯನ್ನೇ ಮತ್ತೆ ಹಿಡಿದೆ, ದನಿ ಮತ್ತೆ ಜಿಗಿಯಿತು. ಇಷ್ಟೇ.