ಒಗೆಯದ ಬಟ್ಟೆಗಳ ನಕ್ಷೆ

ಅವಳು ಮದುವೆಯಾಗಿ ಈ ಊರಿಗೆ ಬಂದ ಮಾರನೆಯ ಬೆಳಗ್ಗೆ ಅತ್ತೆ ಅವಳ ಕೈಗೆ ಮೊದಲು ಕೊಟ್ಟದ್ದು ಒಂದು ಒದ್ದೆ ಬಟ್ಟೆ. ‘ಮೊದಲು ಕಿಟಕಿ, ಆಮೇಲೆ ಚಹಾ. ಈ ಊರಲ್ಲಿ ಹಾಗೇ,’ ಎಂದಿದ್ದರು. ಬೀದಿ ಕಡೆಯ ಕಿಟಕಿಯ ಕಟ್ಟೆಯ ಮೇಲೆ ಬೆರಳಾಡಿಸಿದರೆ ಗೆರೆ ಮೂಡುವಷ್ಟು ಕೆಂಪು ಧೂಳು. ಊರಿನ ಪೂರ್ವಕ್ಕೆ ಕಬ್ಬಿಣದ ಅದಿರಿನ ಗಣಿ. ಬೆಟ್ಟದ ಹೊಟ್ಟೆ ಬಗೆದು ಲಾರಿಗೆ ತುಂಬುವುದು ಗಂಡಸರ ಕೆಲಸ, ಆ ಬೆಟ್ಟ ಪುಡಿಪುಡಿಯಾಗಿ ಮನೆಗೆ ಬಂದಾಗ ಒರೆಸಿ ಹೊರಗೆ ಹಾಕುವುದು ಹೆಂಗಸರ ಕೆಲಸ. ಮೊದಲನೆಯದಕ್ಕೆ ಸಂಬಳವಿತ್ತು.

ಅತ್ತೆ ತೀರಿಹೋದ ಮೇಲೆ ಒರೆಸುವ ಬಟ್ಟೆಯ ಜೊತೆಗೆ ಅವರ ಹೊಲಿಗೆ ಯಂತ್ರವೂ ಇವಳ ಪಾಲಿಗೆ ಬಂತು. ಯಂತ್ರವನ್ನು ಅವಳು ಅಡುಗೆಮನೆಯ ಮೂಲೆಯಿಂದ ಎಳೆದು ತಂದು ಹಿಂದಿನ ಕೋಣೆಯ ಕಿಟಕಿಯ ಪಕ್ಕ ಇಟ್ಟಳು. ಆ ಕಿಟಕಿಯಾಚೆ ಕುರುಚಲು ಕಾಡಿನ ಒಂದು ಪಟ್ಟಿ. ಆಳೆತ್ತರದ ಮುಳ್ಳುಪೊದೆ, ನಡುನಡುವೆ ಸೊಟ್ಟ ಮರಗಳು. ನೋಡಲು ಚಂದವೇನಲ್ಲ, ಯಾರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡವರಿಲ್ಲ. ಆದರೆ ಗಣಿಗೂ ಊರಿಗೂ ನಡುವೆ ಉಳಿದಿದ್ದದ್ದು ಅದೊಂದೇ. ಅದರ ದಯೆಯಿಂದ ಆ ಕಿಟಕಿ ಹಗಲೆಲ್ಲ ತೆರೆದಿರುತ್ತಿತ್ತು. ಅಲ್ಲಿ ಕೂತು ಅವಳು ಆಸ್ಪತ್ರೆಯ ಹಾಸಿಗೆ ಹೊದಿಕೆ, ಶಾಲೆಯ ಬಿಳಿ ಅಂಗಿ ಹೊಲಿದು ಹೊಲಿದು ಊರಿಗೆಲ್ಲ ಹೊಲಿಗೆ ಅಕ್ಕ ಆದಳು. ಬಿಳಿ ಬಟ್ಟೆ ಹೊಲಿಯುವವಳಿಗೆ ಬೆಳಕೂ ಬೇಕು, ಧೂಳಿಲ್ಲದ ಗಾಳಿಯೂ ಬೇಕು. ಊರಲ್ಲಿ ಎರಡೂ ಒಟ್ಟಿಗೆ ಸಿಗುತ್ತಿದ್ದ ಮನೆಗಳು ಕುರುಚಲಿಗೆ ಬೆನ್ನು ಕೊಟ್ಟ ಆ ಸಾಲಿನವು ಮಾತ್ರ.

ಆ ಪಟ್ಟಿಯನ್ನೇ ಈಗ ಗಣಿಯವರು ಕೇಳಿದ್ದರು. ಅಗೆದ ಮಣ್ಣಿನಲ್ಲಿ ಅದಿರಿಲ್ಲದ ಭಾಗವನ್ನು ರಾಶಿ ಹಾಕಲು ಅವರಿಗೆ ಜಾಗ ಸಾಲದು. ಪುರಸಭೆ ಸಭೆ ಕರೆದು, ಊರಿನವರ ಮಾತು ಕೇಳಿ, ಆ ನೆಲವನ್ನು ಗಣಿ ಬಳಕೆಗೆ ಬರೆದುಕೊಡುವುದೆಂದು ಮಾತಾಗಿತ್ತು. ‘ಊರಿನವರ ಮಾತು ಕೇಳಿ’ ಎನ್ನುವಾಗ ಪುರಸಭೆಯ ಅಧ್ಯಕ್ಷರೇ ಸ್ವಲ್ಪ ನಕ್ಕಿದ್ದರಂತೆ.

ಅದೇ ಹೊತ್ತಿಗೆ ಅವಳ ನಾದಿನಿಯ ಮಗಳು ಲ್ಯಾಪ್‌ಟಾಪು, ಸುರುಳಿ ಸುತ್ತಿದ ಕಾಗದಗಳ ಸಮೇತ ಬಂದು ಮುಂದಿನ ಕೋಣೆ ಹಿಡಿದಳು. ಭೂಗೋಳ ಓದಿದವಳು. ಊರಿನ ಸುತ್ತಲಿನ ಯಾವ ನೆಲ ಯಾವುದಕ್ಕೆ ಬಳಕೆಯಾಗುತ್ತಿದೆ, ಅದರಿಂದ ಎಲ್ಲಿ ಎಷ್ಟು ಧೂಳು ಬೀಳುತ್ತಿದೆ ಎಂದು ನಕ್ಷೆ ಮಾಡುವುದು ಅವಳ ಕೆಲಸ. ಬೀದಿಯವರು ಮೂರೇ ದಿನಕ್ಕೆ ಅವಳನ್ನು ನಕ್ಷೆ ಹುಡುಗಿ ಎಂದು ಕರೆಯತೊಡಗಿದರು.

‘ಅತ್ತೆ, ಗಣಿಯವರ ಹತ್ರ ಧೂಳು ಅಳೆಯೋ ಯಂತ್ರ ಇದೆ. ಎಲ್ಲಿಟ್ಟಿದಾರೆ ಗೊತ್ತಾ? ಅವರ ಅತಿಥಿಗೃಹದ ಮೇಲೆ. ಸುತ್ತ ಹುಲ್ಲುಹಾಸು, ಬೆಳಗ್ಗೆ ಸಂಜೆ ನೀರು,’ ಎಂದಳು ಹುಡುಗಿ ಹೊಲಿಗೆ ಅಕ್ಕನಿಗೆ.

‘ಹಾಗಾದ್ರೆ ಊರಲ್ಲಿ ಧೂಳೇ ಇಲ್ಲ ಅನ್ನು.’

‘ಕಾಗದದಲ್ಲಿ ಇಲ್ಲ.’

ಹುಡುಗಿ ಮೊದಲು ಮನೆಮನೆಯ ಮಾಳಿಗೆಯ ಮೇಲೆ ನೀರು ತುಂಬಿದ ತಟ್ಟೆಗಳನ್ನಿಟ್ಟಳು. ಬಿಸಿಲಿನ ದಿನಗಳು, ಕಾಗೆಗಳು ಕುಡಿದು, ಮಿಂದು, ತಟ್ಟೆ ಮಗುಚಿ ಹಾಕಿದವು. ಆಗ ಹೊಲಿಗೆ ಅಕ್ಕ ಆಸ್ಪತ್ರೆಯ ಹೊದಿಕೆ ಕತ್ತರಿಸಿ ಉಳಿದ ಬಟ್ಟೆಯ ಗಂಟು ಬಿಚ್ಚಿದಳು. ಒಂದೇ ಬಟ್ಟೆ, ಒಂದೇ ಬಿಳುಪು. ಹುಡುಗಿ ಅಳತೆ ಹೇಳಿದಳು, ಇವಳು ಚೌಕ ಕತ್ತರಿಸಿ ಅಂಚು ಮಡಿಸಿ ಹೊಲಿದಳು. ಒಂದೊಂದು ಬೀದಿಗೆ ನಾಲ್ಕೈದರಂತೆ ಊರೆಲ್ಲ ಹಂಚಿದರು. ಮಾಳಿಗೆಯ ತಂತಿಗೆ ಎರಡು ವಾರ ತೂಗುಹಾಕಿ, ಆಮೇಲೆ ತಂದುಕೊಡಿ ಎಂದರು. ಹೆಂಗಸರು ಖುಷಿಯಿಂದಲೇ ಒಪ್ಪಿದರು. ಬಟ್ಟೆ ಒಣಹಾಕುವುದನ್ನು ಯಾರಾದರೂ ವಿಜ್ಞಾನ ಎಂದು ಕರೆದದ್ದು ಅದೇ ಮೊದಲು.

ಎರಡು ವಾರ ಕಳೆದು ಬಟ್ಟೆಗಳು ಒಂದೊಂದಾಗಿ ಮನೆಗೆ ಬಂದವು. ಹುಡುಗಿ ಮೊದಲನೆಯದನ್ನು ಬಿಡಿಸಿದಳು, ಎರಡನೆಯದನ್ನು ಬಿಡಿಸಿದಳು, ಆಮೇಲೆ ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟಳು.

ಎಲ್ಲವೂ ಒಗೆದಿದ್ದವು. ಬರೀ ಒಗೆದದ್ದಲ್ಲ, ನೀಲಿ ಹಾಕಿ, ಗಂಜಿ ಹಾಕಿ, ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಮಡಚಿದ್ದವು. ಒಬ್ಬಳು ಮೂಲೆಯಲ್ಲಿ ಸಣ್ಣದೊಂದು ಹೂವನ್ನೂ ಕಸೂತಿ ಹಾಕಿದ್ದಳು.

ಎಲ್ಲಕ್ಕಿಂತ ಬೆಳ್ಳಗಿದ್ದದ್ದು ಹೊಲಿಗೆ ಅಕ್ಕನ ತಂಗಿಯದು. ತಂಗಿಯ ಮನೆ ಗಣಿ ಕಡೆಯ ಅಂಚಿನ ಇನ್ನೊಂದು ತುದಿಯಲ್ಲಿ, ಲಾರಿ ನಿಲ್ದಾಣದ ಹಿಂದೆ. ಅಲ್ಲಿಯ ಕುರುಚಲನ್ನು ಹಿಂದೆಯೇ ಬೋಳಿಸಿ ನಿಲ್ದಾಣ ಮಾಡಿದ್ದರು. ಅಲ್ಲಿ ಕಿಟಕಿಗಳಿಗೆ ಹಳೆಯ ಪತ್ರಿಕೆ ಅಂಟಿಸಿಕೊಂಡು ಬದುಕುತ್ತಾರೆ.

‘ಏನೇ ಇದು? ಒಗೀಬೇಡ ಅಂದಿರಲಿಲ್ವಾ?’ ಎಂದು ಹೊಲಿಗೆ ಅಕ್ಕ ಬಟ್ಟೆ ತಂದು ನಿಂತಿದ್ದ ತಂಗಿಯನ್ನು ಕೇಳಿದಳು.

‘ಒಗೀಬೇಡ ಅಂತ ಯಾರು ಹೇಳಿದ್ರು? ತೂಗುಹಾಕು ಅಂದ್ರಿ, ತಂದುಕೊಡು ಅಂದ್ರಿ,’ ತಂಗಿ ಮುಖ ಊದಿಸಿದಳು. ‘ಅಷ್ಟು ಕೊಳೆಯಾಗಿದ್ದನ್ನ ಹಾಗೇ ಹೇಗೆ ಕೊಡ್ಲಿ? ಕೊಟ್ಟಿದ್ರೆ ನೀನೇ ನಾಳೆ ಆಡಿಕೊಳ್ತಿದ್ದೆ, ನನ್ನ ತಂಗಿ ಮನೆ ನೋಡಿ ಅಂತ.’

ಅದು ನಿಜವಾಗಿತ್ತು. ಧೂಳು ಯಾರದ್ದೇ ಆಗಿರಲಿ, ಮನೆ ಕೊಳೆಯಾಗಿದ್ದರೆ ಹೆಸರು ಕೆಡುವುದು ಹೆಂಗಸಿನದು. ಅದಕ್ಕೇ ಧೂಳು ಹೆಚ್ಚು ಬಿದ್ದ ಮನೆಯವಳು ಹೆಚ್ಚು ಉಜ್ಜಿದ್ದಳು. ಊರಿನ ಅತಿ ಕೆಂಪು ಬೀದಿಗಳು ಗಂಟಿನಲ್ಲಿ ಅತಿ ಬಿಳಿಯಾಗಿ ಕೂತಿದ್ದವು.

‘ನಿಮ್ಮದು ಎಲ್ಲಿ ಅತ್ತೆ?’ ಹುಡುಗಿ ಕೇಳಿದಳು.

ಹೊಲಿಗೆ ಅಕ್ಕ ಹಿತ್ತಿಲಿಗೆ ಹೋಗಿ ತಂತಿಯ ಕಡೆ ನೋಡಿದಳು. ಅವಳ ಚೌಕದಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಬೆಳಗ್ಗೆ ಗಂಡನ ಶರ್ಟಿನ ಜೊತೆ ಬಕೆಟ್ಟಿಗೆ ಹಾಕಿದ್ದು ಅವಳಿಗೇ ನೆನಪಿರಲಿಲ್ಲ. ಕೈ ತಾನಾಗಿ ಮಾಡಿತ್ತು. ಅದನ್ನು ನೋಡಿ ನಗತೊಡಗಿದಳು. ತಂಗಿಯೂ ನಕ್ಕಳು. ಹುಡುಗಿಗೆ ಮಾತ್ರ ಅಳು ಬಂದಿತ್ತು.

‘ಅಳಬೇಡ ಕಣೇ. ಸಭೆಗೆ ಇನ್ನೆಷ್ಟು ದಿನ?’

‘ಒಂದು ವಾರ.’

‘ಒಂದು ವಾರ ಸಾಕಾ?’

‘ಸಾಕು. ಮೊದಲಿನಷ್ಟು ಗಾಢವಾಗಿ ಬರಲ್ಲ, ಆದ್ರೆ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಅಂತ ತಿಳಿಯುತ್ತೆ. ಅವರು ಮತ್ತೆ ಒಗೆದ್ರೆ?’

‘ಒಗೆಯೋರ ಕೈ ನಾನು ಹಿಡೀತೀನಿ.’

ಹೇಳಿದಷ್ಟು ಸುಲಭವಿರಲಿಲ್ಲ. ಹೊಸ ಚೌಕಗಳನ್ನು ಹಿಡಿದು ಅವಳು ಮನೆಮನೆ ಸುತ್ತಿದಳು. ಎದುರುಮನೆಯ ಅಜ್ಜಿ, ನಾಲ್ಕು ಜನರ ಕಣ್ಣಿಗೆ ಕಾಣುವಂತೆ ಕೊಳೆ ಬಟ್ಟೆ ನೇತುಹಾಕುವುದಿಲ್ಲ ಎಂದು ಹಠ ಹಿಡಿದರು.

‘ನನ್ನ ವಯಸ್ಸಿಗೆ ಈ ಮರ್ಯಾದೆಗೇಡು ಬೇರೆ ಬೇಕಾ? ಹೋಗೋ ಬರೋರು ನೋಡಲ್ವಾ?’

‘ನೋಡ್ಲಿ ಅಂತಾನೇ ಅಜ್ಜಿ. ಇಷ್ಟು ವರ್ಷ ಒರೆಸಿದ್ರಲ್ಲ, ಯಾರಾದ್ರೂ ನೋಡಿದ್ರಾ?’

ಅಜ್ಜಿ ಮೆಟ್ಟಿಲಿಳಿದು ಬಂದರು. ‘ಇಲ್ಲ. ಒರೆಸದೇ ಇದ್ದ ದಿನ ನೋಡಿದ್ರು,’ ಎಂದು ಚೌಕವನ್ನು ಕಿತ್ತುಕೊಂಡರು. ‘ಕೊಡಿಲ್ಲಿ. ಬೀದಿ ಕಡೆಗೇ ಕಟ್ತೀನಿ.’

ಮನೆಯೊಳಗಿನ ಕೆಲಸ ಇನ್ನೂ ಕಷ್ಟದ್ದು. ಗಂಡ ಗಣಿಯ ಬಾಗಿಲಲ್ಲಿ ಲಾರಿಗಳನ್ನು ತೂಗುವ ವೇಬ್ರಿಡ್ಜಿನ ಗುಮಾಸ್ತ. ಕಂಪನಿ ಕೊಟ್ಟ ಬಿಳಿ ಶರ್ಟುಗಳ ಜೇಬಿನ ಮೇಲೆ ಕಂಪನಿಯ ಗುರುತು. ಅದನ್ನು ಹೊಲಿದವಳೂ ಇವಳೇ. ಬೆಳಗ್ಗೆ ಹಾಲಿನಂತೆ ಹೋದ ಶರ್ಟು ಸಂಜೆ ಇಟ್ಟಿಗೆಯಾಗಿ ಬರುತ್ತಿತ್ತು. ನೆನೆಸಿ, ಕಾಲರನ್ನು ಬ್ರಷ್ಷಿನಿಂದ ತಿಕ್ಕಿ, ನೀಲಿ ಹಾಕಿ, ಧೂಳು ತಾಗದಂತೆ ಕೋಣೆಯೊಳಗೆ ಒಣಗಿಸಿ, ಇಸ್ತ್ರಿ ಮಾಡಿ ಮತ್ತೆ ಹಾಲು ಮಾಡುವುದು ಅವಳ ನಿತ್ಯದ ಕೆಲಸ. ‘ನನ್ನ ಶರ್ಟು ಕೊಳೆಯಾಗೋದೇ ಇಲ್ಲ,’ ಎಂದು ಅವನು ಜೊತೆಯವರ ಹತ್ತಿರ ಜಂಬ ಕೊಚ್ಚಿಕೊಳ್ಳುತ್ತಿದ್ದ. ಅದನ್ನು ಅವನು ನಂಬಿಯೂ ಇದ್ದ.

‘ಕಂಪನಿ ಉಪ್ಪು ತಿಂದ ಮನೆ ಇದು,’ ಎಂದ ಅವನು. ‘ನೀನು ಹೀಗೆ ಬೀದಿ ಸುತ್ತಿದ್ರೆ ನಾಳೆ ಸಾಹೇಬರ ಮುಂದೆ ನಾನು ಹೇಗೆ ನಿಲ್ಲಲಿ?’

‘ಉಪ್ಪಿನ ಜೊತೆ ಮಣ್ಣನ್ನೂ ತಿಂದಿದೀವಿ. ಋಣ ತೀರಿತು ಬಿಡಿ.’

‘ಆ ಮುಳ್ಳುಕಂಟಿಗೋಸ್ಕರ ಇಷ್ಟೆಲ್ಲಾ ರಂಪ.’

‘ಆ ಮುಳ್ಳುಕಂಟಿ ಹೋದ ದಿನ ನನ್ನ ಕಿಟಕಿಗೂ ಪೇಪರ್ ಅಂಟಿಸಬೇಕು. ಆಮೇಲೆ ಕತ್ತಲಲ್ಲಿ ಕೂತು ಆಸ್ಪತ್ರೆಗೆ ಕೆಂಪು ಹೊದಿಕೆ ಹೊಲಿದು ಕೊಡ್ಲಾ?’

ಅವನು ಗೂಟದ ಕಡೆ ತಿರುಗಿದ. ಅಲ್ಲಿ ತಡಕಾಡಿ ಕೇಳಿದ, ‘ನನ್ನ ಇನ್ನೊಂದು ಶರ್ಟ್ ಎಲ್ಲಿ?’

‘ಒಗೆಯೋಕೆ ಹಾಕಿದೀನಿ.’

ಹಾಕಿರಲಿಲ್ಲ. ಊರವರಿಗೆಲ್ಲ ಒಗೆಯಬೇಡಿ ಎಂದು ಹೇಳುವ ಮೊದಲು ತನ್ನ ಕೈಗೆ ಆ ಪಾಠ ಕಲಿಸಬೇಕು ಎಂದು ಅವಳು ಗಂಡನ ಒಂದು ಶರ್ಟನ್ನು ಹಾಗೇ ಯಂತ್ರದ ಕೆಳಗೆ ತುರುಕಿದ್ದಳು. ಕಾಲಿನಿಂದ ಯಂತ್ರ ತುಳಿಯುವಾಗೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು. ಬಕೆಟ್ಟಿನ ಕಡೆ ಓಡುವ ಕೈಯನ್ನು ಹಿಡಿದಿಡುವುದು ಎಷ್ಟು ಕಷ್ಟ ಎಂದು ಆ ವಾರ ಅವಳಿಗೆ ತಿಳಿಯಿತು.

ವಾರ ಮುಗಿಯುವಾಗ ಚೌಕಗಳು ಬಂದವು. ಈ ಸಲ ಮಡಿಸದೆ, ತುದಿಗಳಲ್ಲಿ ಎರಡೇ ಬೆರಳಿನಿಂದ ಹಿಡಿದು ತಂದಿದ್ದರು. ಹುಡುಗಿ ಹಳೆಯ ಹಾಸಿಗೆ ಹೊದಿಕೆಯ ಮೇಲೆ ಬೀದಿಗಳ ಗೆರೆ ಎಳೆದಳು. ಹೊಲಿಗೆ ಅಕ್ಕ ಪ್ರತಿಯೊಂದು ಚೌಕವನ್ನೂ ಅದರ ಮನೆಯಿದ್ದ ಜಾಗಕ್ಕೆ ಹೊಲಿದಳು. ಕುರುಚಲಿನ ಹಿಂದಿನ ಸಾಲು ಮಾಸಲು ಬಿಳುಪು. ಲಾರಿ ರಸ್ತೆಯ ಎರಡೂ ಬದಿ ಕೆಂಪು. ತಂಗಿಯ ಬೀದಿ ಒಣಗಿದ ರಕ್ತದ ಬಣ್ಣ. ಅಲ್ಲಿಂದ ಒಂದು ಕೆಂಪು ನಾಲಗೆ ಊರಿನ ನಡುವೆ ಚಾಚಿ, ಗಣಿಯಿಂದ ದೂರವಿದೆ ಎಂದು ಎಲ್ಲರೂ ಅಂದುಕೊಂಡಿದ್ದ ಆಸ್ಪತ್ರೆಯವರೆಗೂ ಹೋಗಿತ್ತು.

ಹುಡುಗಿ ತನ್ನ ಕಾಗದದ ನಕ್ಷೆಯನ್ನು ಪಕ್ಕದಲ್ಲಿ ಹಾಸಿದಳು. ‘ನೋಡಿ ಅತ್ತೆ, ಕುರುಚಲು ಬೋಳಿಸಿದ್ದು ಇಲ್ಲಿ. ಆ ತೆರವಿನಿಂದ ಗಾಳಿ ಒಳಗೆ ನುಗ್ಗುತ್ತೆ.’

ಪಶ್ಚಿಮದ ಮೂಲೆಯ ಚೌಕಗಳು ಮಾತ್ರ ಕಪ್ಪಗೆ ಮಸಿಯಾಗಿದ್ದವು. ಅಲ್ಲಿ ಇಟ್ಟಿಗೆ ಭಟ್ಟಿಗಳಿದ್ದವು.

‘ಇವನ್ನ ಬಿಟ್ಟುಬಿಡೋಣ,’ ಎಂದಳು ತಂಗಿ. ‘ಗಣಿಯವರು ನೋಡಿ, ಧೂಳೆಲ್ಲ ಭಟ್ಟಿಯದೇ ಅಂತಾರೆ.’

‘ಬಿಟ್ರೆ ಅದೂ ಒಗೆದ ಹಾಗೇ ಆಗುತ್ತೆ ಚಿಕ್ಕತ್ತೆ,’ ಎಂದಳು ಹುಡುಗಿ.

ಹೊಲಿಗೆ ಅಕ್ಕ ಕಪ್ಪು ಚೌಕಗಳನ್ನೂ ಅವುಗಳ ಜಾಗಕ್ಕೆ ಹೊಲಿದಳು.

ಸಭೆಯ ದಿನ ಪುರಸಭೆಯ ಸಭಾಂಗಣದಲ್ಲಿ ಮುಂದಿನ ಕುರ್ಚಿಗಳೆಲ್ಲ ಕಂಪನಿಯವರವು. ಗಂಡನೂ ಅಲ್ಲೇ ಇದ್ದ; ಬಾ ಎಂದು ಸಾಹೇಬರು ಹೇಳಿದ್ದರಂತೆ. ಹುಡುಗಿ ಕಾಗದದ ನಕ್ಷೆ ತೋರಿಸಿ ಅಳುಕದೆ ಮಾತಾಡಿದಳು. ಮೇಲೆ ಸುತ್ತಿದ್ದುದನ್ನು ಬಿಚ್ಚಿ ಬದಿಗಿಟ್ಟು ಹೆಂಗಸರು ಬಟ್ಟೆಯ ನಕ್ಷೆಯನ್ನು ಎರಡೂ ಕಡೆ ಹಿಡಿದು ನಿಂತರು. ಜನ ಎದ್ದು ಬಂದು ತಂತಮ್ಮ ಮನೆ ಹುಡುಕತೊಡಗಿದರು. ‘ನಮ್ಮದು ಇಷ್ಟು ಕೆಂಪಾ?’ ಎಂದು ಆಸ್ಪತ್ರೆಯ ನರ್ಸಮ್ಮ ಕೇಳಿದ್ದು ಎಲ್ಲರಿಗೂ ಕೇಳಿಸಿತು.

ಗಣಿಯ ವ್ಯವಸ್ಥಾಪಕರು ಎದ್ದು ನಿಂತರು. ಮೃದು ಮಾತಿನ ಮನುಷ್ಯ.

‘ಅಮ್ಮಂದಿರ ಶ್ರಮಕ್ಕೆ ನಮಸ್ಕಾರ. ಆದ್ರೆ ಬಟ್ಟೆನ ಮಣ್ಣಲ್ಲಿ ಹೊರಳಿಸಿ ತರೋದು ಯಾರಿಗೂ ಕಷ್ಟ ಅಲ್ಲ. ನಮ್ಮ ವೇಬ್ರಿಡ್ಜ್ ಗುಮಾಸ್ತರನ್ನೇ ನೋಡಿ. ಬೆಳಗಿನಿಂದ ಸಂಜೆವರೆಗೆ ಗಣಿ ಬಾಗಿಲಲ್ಲೇ ಇರ್ತಾರೆ. ಸ್ವಲ್ಪ ಎದ್ದು ನಿಲ್ಲಿ ಇವರೇ. ಇವರ ಶರ್ಟ್ ನೋಡಿ. ಎಲ್ಲಿದೆ ಧೂಳು?’

ಗಂಡ ಎದ್ದು ನಿಂತ. ಶರ್ಟು ಹಾಲಿನ ಹಾಗಿತ್ತು. ಮುಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ತಲೆಯಾಡಿಸಿದರು.

ಆ ಬಿಳುಪಿನ ಒಂದೊಂದು ಎಳೆಯೂ ಹೊಲಿಗೆ ಅಕ್ಕನಿಗೆ ಗೊತ್ತಿತ್ತು. ನಕ್ಷೆಯ ತುದಿಯನ್ನು ತಂಗಿಯ ಕೈಗೆ ಕೊಟ್ಟು ಮುಂದೆ ನಡೆದಳು.

‘ಆ ಬಿಳುಪು ಕಂಪನಿಯದಲ್ಲ ಸ್ವಾಮಿ, ನನ್ನದು.’

ಗಂಡ ಅವಳನ್ನು ಕಣ್ಣಿನಲ್ಲೇ ಬೇಡಿಕೊಂಡ.

‘ಈಗಿನ್ನೂ ಬೆಳಗ್ಗೆ. ಇವರು ಮನೆಯಿಂದ ನೇರ ಇಲ್ಲಿಗೆ ಬಂದಿದಾರೆ. ನಿಮ್ಮ ಬಾಗಿಲಲ್ಲಿ ಒಂದು ದಿನ ಕೂತ ಶರ್ಟ್ ಬೇಕಾ? ಅದೂ ಇದೆ.’ ನಕ್ಷೆಯನ್ನು ಸುತ್ತಿ ತಂದ ಬಟ್ಟೆಯನ್ನು ಅವಳು ಎತ್ತಿ ಕೊಡವಿ ಬಿಡಿಸಿದಳು. ತೋಳು, ಕಾಲರು, ಜೇಬಿನ ಮೇಲಿನ ಗುರುತು ಹೊರಬಂದವು. ಅದು ಗಂಡ ಹುಡುಕುತ್ತಿದ್ದ ಶರ್ಟು. ಮುಂದಿನ ಕುರ್ಚಿಗಳ ಮೇಲೆ ಸಣ್ಣಗೆ ಕೆಂಪು ಹಾರಿತು. ಕೂತವರು ಮೂಗು ಮುಚ್ಚಿಕೊಂಡರು.

‘ಮುಚ್ಚಿಕೊಳ್ಳಬೇಡಿ. ಇದು ಒಂದು ದಿನದ್ದು ಅಷ್ಟೇ. ನಾವು ಒಗೀತಾ ಇದ್ವಿ ಅಂತ ನಿಮಗೆ ಕಾಣಿಸ್ಲಿಲ್ಲ. ನಾವೇ ನಿಮ್ಮ ಗುಟ್ಟು ಕಾಯ್ತಾ ಬಂದಿದೀವಿ, ಸೋಪು ನಮ್ಮದೇ ಹಾಕಿ.’

ಹಿಂದಿನಿಂದ ಎದುರುಮನೆಯ ಅಜ್ಜಿ, ‘ನೀರೂ ನಮ್ಮದೇ,’ ಎಂದರು. ನಗು ಹೊಮ್ಮಿತು. ವ್ಯವಸ್ಥಾಪಕರು ಗುಮಾಸ್ತನ ಕಡೆ ತಿರುಗಿದರು. ‘ಇದು ನಿಮ್ಮ ಶರ್ಟಾ? ಹೇಳಿ, ಇದು ನಿಮ್ಮದಲ್ಲ ತಾನೆ?’

ಗಂಡ ಹೆಂಡತಿಯನ್ನು ನೋಡಿದ, ಶರ್ಟನ್ನು ನೋಡಿದ. ತನ್ನ ಶರ್ಟು ಸಂಜೆಗೆ ಹೇಗಿರುತ್ತದೆ ಎಂದು ಅವನು ಕಣ್ಣು ಬಿಟ್ಟು ನೋಡಿದ್ದು ಬಹುಶಃ ಆಗಲೇ.

‘ನನ್ನದೇ ಸರ್,’ ಎಂದ.

ಮತಕ್ಕೆ ಹಾಕುವ ಮೊದಲೇ ಆಸ್ಪತ್ರೆಯ ಬೀದಿಯ ಪುರಸಭಾ ಸದಸ್ಯರು ಎದ್ದು ತಾವು ಒಪ್ಪುವುದಿಲ್ಲ ಎಂದರು. ಅವರ ಮನೆಯ ಚೌಕವೂ ಆ ಕೆಂಪು ನಾಲಗೆಯ ಮೇಲೆಯೇ ಇತ್ತು. ಅವರ ಹಿಂದೆ ಇನ್ನಷ್ಟು ಕೈಗಳು ಎದ್ದವು. ಅಧ್ಯಕ್ಷರು ಈ ಸಲ ನಗಲಿಲ್ಲ. ಕುರುಚಲು ಕಾಡು ಕುರುಚಲು ಕಾಡಾಗಿಯೇ ಉಳಿಯಿತು. ಕಂಪನಿ ಮತ್ತೆ ಬರುತ್ತದೆ ಎಂದು ಹುಡುಗಿ ಎಚ್ಚರಿಸಿದಳು. ‘ಬರ್ಲಿ. ಬಟ್ಟೆ ಇದೆ, ತಂತಿ ಇದೆ,’ ಎಂದಳು ಹೊಲಿಗೆ ಅಕ್ಕ.

ಮರುದಿನ ಬೆಳಗ್ಗೆ ಗಂಡ ಕೆಲಸಕ್ಕೆ ಹೊರಟು ನಿಂತ. ಇಸ್ತ್ರಿ ಮಾಡಿದ ಶರ್ಟು ಗೂಟದಲ್ಲಿರಲಿಲ್ಲ. ಅವನು ಅವಳ ಕೋಣೆಯ ಬಾಗಿಲಿಗೆ ಬಂದ. ಅವಳು ತೆರೆದ ಕಿಟಕಿಯ ಪಕ್ಕ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು.

‘ಶರ್ಟು?’

‘ಅಲ್ಲಿದೆ.’ ಅವಳು ತಲೆ ಎತ್ತಲಿಲ್ಲ. ಕುರ್ಚಿಯ ಬೆನ್ನಿಗೆ ನಿನ್ನೆ ಸಭೆಯಲ್ಲಿ ಬಿಡಿಸಿ ತೋರಿಸಿದ ಕೆಂಪು ಶರ್ಟು ತೂಗುತ್ತಿತ್ತು. ‘ಬಕೆಟ್ಟೂ ಅಲ್ಲೇ ಇದೆ. ಎರಡರಲ್ಲಿ ಯಾವುದು ಬೇಕೋ ನೋಡಿ.’

ಅವನು ಗಡಿಯಾರ ನೋಡಿದ, ಬಕೆಟ್ಟು ನೋಡಿದ. ಆಮೇಲೆ ಆ ಕೆಂಪು ಶರ್ಟನ್ನೇ ತೊಟ್ಟು, ಗುಂಡಿ ಹಾಕಿಕೊಂಡು, ಗಣಿಯ ದಾರಿ ಹಿಡಿದ. ಎದುರುಮನೆಯ ಅಜ್ಜಿ ಜಗಲಿಯಿಂದ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಈ ಕಡೆ ಕಿಟಕಿಗೆ ಕೇಳುವಂತೆ ಕೂಗಿ ಹೇಳಿದರು:

‘ಇವತ್ತು ನಿನ್ನ ಗಂಡ ಚೆನ್ನಾಗಿ ಕಾಣ್ತಾನೆ ಕಣೇ.’

ಹೊಲಿಗೆ ಅಕ್ಕ ಯಂತ್ರ ತುಳಿಯತೊಡಗಿದಳು.